ಬೈದು ಹಾಕಿದ ಒಂದು ವೋಟು

ನವೆಂಬರ್ 14, ಗುರುವಾರ

ಬೆಳಗಿನ ಜಾವ ಕೆಟ್ಟ ಕನಸು. ರಾಜಧಾನಿ ಕಾಂಕರ್ಡಿನ ರಾಜ್ಯ ಶಾಸನಸಭೆಯಲ್ಲಿ ಹದಿನಾಲ್ಕು ವರ್ಷ ನಾನು ಕೂತ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ನನ್ನನ್ನೇ "ಯಾರು ಬೇಕಿತ್ತು?" ಎಂದು ಕೇಳಿದರು. ಚುನಾವಣೆಯಲ್ಲಿ ನನಗೂ ಹೋಲ್ಡನ್ ಪೈಕ್‌ಗೂ ಸರಿಸಮ ಮತ ಬಿದ್ದು, ಇವತ್ತು ಮರುಎಣಿಕೆ.

ಕಾಂಕರ್ಡಿನಲ್ಲಿ ನಮ್ಮಿಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ಮತಪತ್ರಗಳನ್ನು ಒಂದೊಂದಾಗಿ ತೋರಿಸಿದರು. ಹೋಲ್ಡನ್ ಡೋನಟ್ ತಂದಿದ್ದ. "ತಗೊಳ್ಳೋ ವೆಂಡೆಲ್, ಸೋತ್ಮೇಲೆ ಗಂಟಲಲ್ಲಿ ಇಳಿಯಲ್ಲ" ಎಂದ. ಒಂದನ್ನು ತೆಗೆದು ಪಕ್ಕಕ್ಕಿಟ್ಟೆ. ಎಂಟನೇ ತರಗತಿಗೆ ಓದು ಬಿಟ್ಟು, ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿದವನು ನಾನು. ಆ ಸಭೆಯೇ ನನ್ನ ಶಾಲೆ.

ಯಂತ್ರ ಎಣಿಸದೆ ಬಿಟ್ಟ ಮತಪತ್ರವೊಂದು ಕೊನೆಗೆ ಬಂತು. ಗುರುತು ಹಾಕುವ ಬದಲು ನನ್ನ ಹೆಸರಿನ ಮುಂದೆ ಯಾರೋ ಬರೆದಿದ್ದರು: "ಈ ಸಲವಾದ್ರೂ ನಮ್ಮ ಸೇತುವೆ ಸರಿಮಾಡ್ಸೋ, ಸೋಮಾರಿ."

"ಇದು ಬೈಗುಳ, ವೋಟಲ್ಲ" ಎಂದ ಹೋಲ್ಡನ್.

ಎಣಿಕೆ ನಡೆಸುತ್ತಿದ್ದ ಅಧಿಕಾರಿಣಿ ಕನ್ನಡಕ ಸರಿಸಿದರು. "ಸೋಲ್ಸೋಕೆ ಹೊರಟೋರು ಯಾರಾದ್ರೂ ಕೆಲಸ ಹೇಳ್ತಾರೇನ್ರೀ? ಇದು ವೆಂಡೆಲ್ ಅವರಿಗೇ."

ಹೋಲ್ಡನ್ ನಕ್ಕು ಕೈ ಕೊಟ್ಟ. "ಸೋಮಾರಿ ಅನ್ನಿಸ್ಕೊಂಡು ಗೆದ್ದೋನು ನೀನೊಬ್ನೇ ಕಣೋ!"

ಒಂದೇ ಮತದ ಗೆಲುವು. ಮನೆಯಲ್ಲಿ ನನ್ನವಳು ಅರ್ಡೆಲ್ ಬೀನ್ಸ್ ಬೇಯಿಸಿಟ್ಟು ಕಾಯುತ್ತಿದ್ದಳು. ಎರಡು ತಟ್ಟೆ ತಿಂದೆ. ಮನಸ್ಸು ಹಗುರವಾಗಿದೆ. ಆದರೂ ಒಂದು ಕೊರೆಯುತ್ತಿದೆ: ನಮ್ಮ ಊರಲ್ಲಿ ಕೆಟ್ಟ ಸೇತುವೆಗಳು ಮೂರಿವೆ.

ಈ ಪುಟವನ್ನು ಅಡುಗೆಮನೆಯ ಮೇಜಿನ ಮೇಲೆ ತೆರೆದಿಟ್ಟು ಮಲಗುತ್ತೇನೆ. ಅರ್ಡೆಲ್, ಬೆಳಿಗ್ಗೆ ಎದ್ದವಳೇ ಕಾಂಕರ್ಡಿಗೆ ಒಂದು ಫೋನು ಮಾಡು. ಯಾವ ಸೇತುವೆ ಅಂತ ಆ ಮತಪತ್ರದ ಹಿಂಬದಿಯಲ್ಲೇನಾದರೂ ಬರೆದಿದೆಯಾ, ಇನ್ನೊಮ್ಮೆ ನೋಡಿಸು.