ತೂತು ಬೀಳದ ಗುಂಡು

ಜನವರಿ ೧೪, ಮಂಗಳವಾರ

ಕಟ್ಟಿಕೊಂಡವಳಿಗೇ ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಕಾಯೋಟಿ ನರಿಯ ತುಪ್ಪಳ ದಟ್ಟವಾಗುವುದು ಮೊಂಟಾನಾದ ಈ ಹಾಳು ಚಳಿಯಲ್ಲೇ. ಇಷ್ಟು ವರ್ಷ ಯಾವ ಗುಂಡು ಹೊಡೆದರೂ ನಡೆಯುತ್ತಿತ್ತು. ತೊಗಲನ್ನು ಒಣಗಿಸಲು ಹಲಗೆಗೆ ಏರಿಸುವ ಮೊದಲು ನನ್ನ ಹೆಂಡತಿ ಆರ್ಲಿಸ್ ತೂತುಗಳನ್ನೆಲ್ಲ ಒಳಗಡೆಯಿಂದ ಹೊಲಿದುಬಿಡುತ್ತಿದ್ದಳು. ಕೊಳ್ಳುವವನ ಬೆರಳಿಗೂ ಹೊಲಿಗೆ ಸಿಗುತ್ತಿರಲಿಲ್ಲ. ಬೇಸಿಗೆಯಲ್ಲಿ ಲಕ್ವ ಹೊಡೆದು ಅವಳ ಬಲಗೈ ಸ್ವಾಧೀನ ತಪ್ಪಿತು.

ಹೊಲಿಗೆಯ ಮಾತೇ ಬರಬಾರದೆಂದು ಈ ಸಲ ಹಗುರದ ಗುಂಡು ತಂದೆ. "ಒಳಗೆ ಹೋಗಿ ಅಲ್ಲೇ ಪುಡಿಯಾಗುತ್ತೆ, ಆಚೆ ಬರಲ್ಲ ಮಾರಾಯ. ಭುಜದ ಮೂಳೆಗೆ ಮಾತ್ರ ಹೊಡೀಬೇಡ," ಎಂದಿದ್ದ ಅಂಗಡಿಯ ಡೆಲ್ಮರ್. ಇವತ್ತು ಭುಜಕ್ಕೇ ಬಿತ್ತು. ಗುಂಡು ಮೇಲೆಯೇ ಸಿಡಿದು ತೊಗಲು ಅಂಗೈಯಗಲ ಹರಿದುಹೋಯಿತು. ಸುಲಿದು ಷೆಡ್ಡಿನಲ್ಲಿ ಮುಚ್ಚಿಟ್ಟು ಒಳಗೆ ಬಂದೆ.

ಆರ್ಲಿಸ್ ಸೂಜಿಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಎಡಗೈಯೊಂದರಲ್ಲೇ ಸೂಜಿಗೆ ನೂಲು ಪೋಣಿಸಿದ್ದಳು. ಎಷ್ಟು ಹೊತ್ತು ಹಿಡಿಯಿತೋ.

"ಸದ್ದು ಕೇಳಿಸ್ತು. ತಗೊಂಡ್ ಬಾ, ಹೊಲಿತೀನಿ."

"ತೂತೇ ಬಿದ್ದಿಲ್ಲ ಕಣೆ. ಹೊಸ ಗುಂಡು ಅಷ್ಟು ಚೆನ್ನಾಗಿದೆ."

ಅವಳು ಡಬ್ಬಿ ಮುಚ್ಚಿದಳು. "ಒಳ್ಳೇದಾಯ್ತು ಬಿಡು. ಇನ್ನು ನಾನು ಅದಕ್ಕೂ ಬೇಡ."

ಈಗಲಾದರೂ ತೊಗಲು ತಂದು ಅವಳ ಮುಂದಿಡಬೇಕು. ಗೋಡೆಯ ಕಡೆ ತಿರುಗಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ನನಗೆ ಗೊತ್ತು. ಆದರೆ ಷೆಡ್ಡಿನ ಚಳಿಗೆ ತೊಗಲು ಇಷ್ಟರಲ್ಲಿ ಮರಗಟ್ಟಿರುತ್ತದೆ. ಯಾರ ಸೂಜಿಯೂ ಇನ್ನು ಅದರೊಳಗೆ ಇಳಿಯುವುದಿಲ್ಲ.