ವಾಲಿದ ಗೋಪುರವನ್ನು ನೆಟ್ಟಗೆ ಮಾಡಿದ್ದು

ನಮ್ಮವರಿಗೆ,

ನೀವಿದನ್ನು ಓದುವುದಿಲ್ಲ. ಇದ್ದಾಗಲೂ ನನ್ನ ಮಾತು ಕಿವಿಗೆ ಹಾಕಿಕೊಂಡವರಲ್ಲ. ಆದರೂ ಕೇಳಿ.

ಸೊಸೆ ಆಟದ ಪ್ಲಾಸ್ಟಿಕ್ ಇಟ್ಟಿಗೆಗಳ ಡಬ್ಬಿ ತಂದು, ಪರದೇಶದ ಯಾವುದೋ ಹೆಸರಾಂತ ಗೋಪುರ ಕಟ್ಟಿದಳು. ಇಟ್ಟಿಗೆ ಉಗುರಿನಷ್ಟೇ. ಗಾರೆಯಿಲ್ಲ, ನೀರಿಲ್ಲ, ಒತ್ತಿದರೆ ಕಚ್ಚಿಕೊಳ್ಳುತ್ತವೆ. ಚೆಂದವೇನೋ ಇತ್ತು, ಆದರೆ ಒಂದು ಕಡೆಗೆ ವಾಲಿತ್ತು. ಗಾರೆ ಮೇಸ್ತ್ರಿಯ ಹೆಂಡತಿಯಾಗಿ ನೋಡಿಕೊಂಡು ಸುಮ್ಮನಿರಲಾದೀತೇ? ಅವಳು ಕೆಲಸಕ್ಕೆ ಹೋದಾಗ ಬುಡ ಬಿಚ್ಚಿದೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ನೀವು ತೂಗುಗುಂಡು ಇಳಿಬಿಡುತ್ತಿದ್ದ ಹಾಗೆ ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟು, ನೆಟ್ಟಗೆ ನಿಲ್ಲಿಸಿದೆ.

ಸಂಜೆ ಅವಳು ತಲೆಯ ಮೇಲೆ ಕೈ ಹೊತ್ತು ಕೂತಳು. "ಅಯ್ಯೋ ಅತ್ತೆ, ಅದು ವಾಲಿರೋ ಗೋಪುರಾನೇ! ಅದನ್ನ ನೋಡೋಕೇ ಜನ ಎಲ್ಲೆಲ್ಲಿಂದಲೋ ಬರ್ತಾರೆ."

"ಕಟ್ಟಿದ ಮೇಸ್ತ್ರಿಗೆ ಯಾರೂ ಬೈಲಿಲ್ವೇನೇ?"

"ಬೈದಿರಬಹುದು. ಆದ್ರೆ ಅದು ಇನ್ನೂ ಬಿದ್ದಿಲ್ವಲ್ಲ."

ಅದು ಹೇಗೆ ನಿಂತಿದೆಯೆಂದು ನಿಮ್ಮನ್ನೇ ಕೇಳಬೇಕಿತ್ತು. ನೀವು ಕಟ್ಟಿದ ಒಂದು ಗೋಡೆ ವಾಲಿತೆಂದು ಕರಣೆ ಕೆಳಗಿಟ್ಟವರು ಮತ್ತೆ ಎತ್ತಲಿಲ್ಲ. ಊರೆಲ್ಲ ನಕ್ಕಿತ್ತು. ಮನೆಯಲ್ಲೂ ನಕ್ಕಿದ್ದರು.

ಈಗ ಸೊಸೆಯೂ ನಾನೂ ಕೂತು ಗೋಪುರವನ್ನು ಮತ್ತೆ ವಾಲಿಸುತ್ತಿದ್ದೇವೆ. ನೆಟ್ಟಗೆ ನಿಲ್ಲಿಸುವುದಕ್ಕಿಂತ ಇದೇ ಕಷ್ಟ ಕಣ್ರೀ.