ನಲವತ್ತು ಕೋಳಿಗಳ ಕೇಸು

ಸಾಂತಾ ರುಪೆರ್ತಾ, ಟೆಕ್ಸಾಸ್
ಡಿಸೆಂಬರ್ 16, ಮಂಗಳವಾರ

ಪ್ರೀತಿಯ ಟೆಂಚಾ,

ನೀನು, ನೀವೇಸ್, ನಿನ್ನ ಆ ಹಾಳು ಮೊಣಕಾಲು, ಮೂರೂ ಕ್ಷೇಮವೆಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ. ಸೊಂಟಕ್ಕೆ ಹಾಕಿದ ಕಬ್ಬಿಣ ಮಳೆ ಬರುವ ಹಿಂದಿನ ದಿನವೇ ತಿಳಿಸುತ್ತದೆ. ಟಿವಿಯಲ್ಲಿ ಹವಾಮಾನ ಹೇಳುವ ಹುಡುಗಿಗಿಂತ ಅದನ್ನೇ ಹೆಚ್ಚು ನಂಬಬಹುದು.

ನಿನ್ನ ಪತ್ರ ಸೆಪ್ಟೆಂಬರಿನಲ್ಲೇ ಕೈ ಸೇರಿತು. ಮೂರು ತಿಂಗಳು ಉತ್ತರ ಬರೆಯದವಳನ್ನು ನೀನು ಹೊಳೆಯ ಆಚೆ, ಮೆಕ್ಸಿಕೋದಲ್ಲಿ ಕೂತು ಎಷ್ಟು ಬೈದಿರಬೇಕು, ಉರಿಯುವ ನನ್ನ ಎಡಗಿವಿಗೆ ಗೊತ್ತು. ಸೋಮಾರಿತನವಲ್ಲ ಟೆಂಚಾ. ನೀನು ಕೇಳಿದ್ದು ಒಂದೇ ಮಾತು: "ಪಿಫಾ, ಮೂವತ್ತಾರು ವರ್ಷ ಅದೇ ರಸ್ತೇಲಿ ಓಡಾಡ್ದ ನನ್ನ ಗಂಡ ನೀವೇಸ್‌ನ ಆ ದಿನ ಪೊಲೀಸ್ರು ಯಾಕೆ ನಿಲ್ಸಿ ಗಡಿಯಾಚೆ ಅಟ್ಟಿದ್ರು? ಯಾರು ಹೇಳ್ಕೊಟ್ರು? ಅದೊಂದು ಗೊತ್ತಾದ್ರೆ ನಂಗೆ ನಿದ್ದೆ ಬರ್ತದೆ." ಉತ್ತರ ಸಿಗದೆ ಪತ್ರ ಬರೆಯುವುದು ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಿದ ಹಾಗೆ. ಅದಕ್ಕೇ ಕಾದೆ.

ಬಾಲ್ಡೋನನ್ನು ಕೇಳದೆ ಬಿಟ್ಟೆ ಎಂದುಕೊಳ್ಳಬೇಡ. ಶೆರಿಫನಾಗಿ ಇಡೀ ಕೌಂಟಿಯ ಪೊಲೀಸರಿಗೆ ಯಜಮಾನನಾದರೇನು, ನನಗೆ ಅವನು ಮಗನೇ. ಮೊದಲ ಸಲ ಕೇಳಿದಾಗ "ಅಮ್ಮಾ, ಸಾರು ಆರ್ಹೋಗ್ತದೆ" ಎಂದ. ಎರಡನೇ ಸಲ ಫೋನು ಬಂತೆಂದು ಎದ್ದು ಹೋದ. ಫೋನು ಬಡಿದುಕೊಂಡೇ ಇರಲಿಲ್ಲ. ಮೂರನೇ ಸಲ "ಬಿಡಮ್ಮಾ ಅದನ್ನ" ಎನ್ನುತ್ತಾ ಅಂಗಳಕ್ಕಿಳಿದು, ಬೆಳಿಗ್ಗೆ ತೊಳೆದ ಕಾರನ್ನೇ ಮತ್ತೆ ತೊಳೆದ. ನಾನು ಕಿಟಕಿಯಿಂದಲೇ ಕೂಗಿದೆ: "ಎದೆ ಮೇಲೆ ಅಷ್ಟಗಲ ನಕ್ಷತ್ರ ಕಟ್ಕೊಂಡು ಹೆತ್ತೋಳ ಮುಖ ನೋಡೋಕೆ ಹೆದರ್ತೀಯಲ್ಲೋ! ಚರ್ಚಲ್ಲಿ ನಿನ್ನ ಎತ್ಕೊಂಡು ತಲೆಗೆ ತೀರ್ಥ ಹಾಕಿಸ್ದೋಳು ಟೆಂಚಾ. ಅವಳಿಗೆ ನಾನೇನು ಉತ್ತರ ಹೇಳ್ಲಿ?" ಅವನು ಚಕ್ರ ಉಜ್ಜುತ್ತಲೇ ಇದ್ದ. ಹೇಡಿ, ಎಂದುಕೊಂಡೆ.

ಇರಲಿ. ಮೊದಲು ಊರಿನ ಸುದ್ದಿ ಹೇಳುತ್ತೇನೆ. ಓದುವಾಗ ಕಾಫಿ ಕುಡಿಯಬೇಡ, ಮೂಗಿಗೆ ಏರೀತು.

ವಲಸೆಗೆ ಸಂಬಂಧಪಟ್ಟ ಅಪರಾಧ ತಡೆಯಲೆಂದು ಊರ ಪೊಲೀಸರಿಗೆ ಸರ್ಕಾರ ಕೊಡುವ ಅನುದಾನ ನಿನಗೆ ಗೊತ್ತೇ ಇದೆ. ನೀನಿದ್ದಾಗಲೇ ಆ ಹಣದಲ್ಲಿ ಫಿರಂಗಿಯಂಥ ಗಾಡಿ ಬಂತು, ಆಕಾಶದಲ್ಲಿ ಗುಂಯ್‌ಗುಟ್ಟುವ ಡ್ರೋನು ಬಂತು, ಉತ್ತರದ ಹಿಮದ ನಾಡಿನಿಂದ ಟ್ರೆಂಟ್ ಎಂಬ ಹೊಸ ಪೊಲೀಸಿನವನೂ ಬಂದ. ನೀನು ಹೋದ ಮೇಲೆ ದೋಣಿ ಬಂದಿದೆ. ಹೌದು, ದೋಣಿ. ಹೊಳೆ ಇಲ್ಲಿಂದ ಅರವತ್ತು ಮೈಲಿ. ಪಟ್ಟಿಯಲ್ಲಿ ದೋಣಿ ಇತ್ತಂತೆ, ಬೇಡ ಎಂದರೆ ಮುಂದಿನ ವರ್ಷ ಕೇಳಿದ್ದೂ ಸಿಗುವುದಿಲ್ಲವಂತೆ. ಒಮ್ಮೆ ಬೆನಾವಿದೆಸನ ದನದ ಕೊಳದಲ್ಲಿ ತೇಲಿಸಿ ನೋಡಿದರು. ಹಸುಗಳು ಎರಡು ದಿನ ನೀರು ಮುಟ್ಟಲಿಲ್ಲ.

ಇಷ್ಟೆಲ್ಲಾ ಕೊಟ್ಟವರು ಸುಮ್ಮನಿರುತ್ತಾರೆಯೇ? ಪ್ರತಿ ಡಿಸೆಂಬರಿನಲ್ಲಿ ಒಂದು ವರದಿ ತುಂಬಬೇಕು: ಅಂಥ ಅಪರಾಧ ಎಷ್ಟು, ಸಿಕ್ಕವರು ಎಷ್ಟು. ಬರಿದಾದ ಹಾಳೆ ಕಳಿಸಿದರೆ ಅನುದಾನ ಪಕ್ಕದ ಕೌಂಟಿಗೆ. "ಆರು ಮನೆ ಒಲೆ ಅದರ ಮೇಲೆ ಉರೀತದಮ್ಮಾ" ಎನ್ನುತ್ತಾನೆ ಬಾಲ್ಡೋ. ಸುಳ್ಳಲ್ಲ. ಈ ಒಣ ಊರಿನಲ್ಲಿ ಬೇರೆ ಕೆಲಸವಾದರೂ ಏನಿದೆ?

ಟ್ರೆಂಟ್ ಕೆಟ್ಟವನಲ್ಲ. ಜೋಳದ ಕೂದಲಿನಂಥ ಮೀಸೆ, ಬಿಸಿಲಿಗೆ ಸುಟ್ಟು ಸಿಪ್ಪೆ ಏಳುವ ಮೂಗು. ನಮ್ಮ ಸ್ಪ್ಯಾನಿಷ್ ಭಾಷೆಯನ್ನು ಆರು ವಾರದ ತರಬೇತಿಯಲ್ಲಿ ಕಲಿತಿದ್ದಾನೆ. ಬಾಯಿ ತೆರೆದರೆ ಬಿಷಪ್ಪರೇ ಮಾತಾಡಿದ ಹಾಗಿರುತ್ತದೆ.

ಈ ಸಲ ಕ್ರಿಸ್‌ಮಸ್ಸಿಗೆ ತಮಾಲೆ ಮಾಡುವುದು ಬೇಡ ಎಂದು ಬಾಲ್ಡೋ ಆಜ್ಞೆ ಮಾಡಿದ್ದ. ಹಿಟ್ಟು ನಾದಬಾರದು, ಹಂಡೆ ಎತ್ತಬಾರದು, ಸೊಂಟ ಮತ್ತೆ ಮುರಿದರೆ ಜೋಡಿಸಲಾಗದು ಎಂದು ಡಾಕ್ಟರು ಹೇಳಿದ್ದಾರಂತೆ. ಐವತ್ತು ವರ್ಷದಿಂದ ನನ್ನ ಅಡಿಗೆಮನೆಯಲ್ಲಿ ಊರ ಹೆಂಗಸರೆಲ್ಲ ಸೇರಿ, ಜೋಳದ ಹಿಟ್ಟಿಗೆ ಕೋಳಿ ತುಂಬಿ, ಎಲೆ ಸುತ್ತಿ ಬೇಯಿಸಿದ ತಮಾಲೆ! ನಾನು ತಲೆಯಾಡಿಸಿದೆ. ಮಾರನೇ ದಿನವೇ ಎವರಿಸ್ತೋನ ಅಂಗಡಿಗೆ ಹೋದೆ. ಎವರಿಸ್ತೋನ ಕಿವಿ ನಿನಗೆ ಗೊತ್ತಲ್ಲ, ಗುಟ್ಟನ್ನೂ ಕೂಗಿಯೇ ಹೇಳಬೇಕು.

"ನಲವತ್ತು ಕೋಳಿ ಬೇಕು ಕಣೋ!" ಎಂದೆ. "ಶುಕ್ರವಾರ ಸಂಜೆ ತಾ. ಮುಚ್ಚಿದ ಗಾಡೀಲಿ, ಹಿಂದಿನ ಬಾಗ್ಲಿಗೆ. ಬಾಲ್ಡೋಗೆ ಗೊತ್ತಾಗ್ಬಾರ್ದು!"

"ಎಲ್ಲಾ ಜೀವಂತವಾ?"

"ಹತ್ತು ಜೀವಂತ ಇರ್ಲಿ, ಚರ್ಚಿನ ಲಾಟರಿಗೆ. ಮಿಕ್ಕಿದ್ದನ್ನ ಅಲ್ಲೇ ಕೊಯ್ದು ತಾ. ಮುದಿಯವು ಬೇಡ, ಬೇಯಲ್ಲ!"

ಕಾಫಿ ಯಂತ್ರದ ಹತ್ತಿರ ಟ್ರೆಂಟ್ ನಿಂತಿದ್ದ. ಚರ್ಚು ಲಾಟರಿ ಎಂಬ ಮಾತು ಅವನಿಗೆ ತಿಳಿಯಲಿಲ್ಲವಂತೆ. ಕೋಳಿ ಮಾತ್ರ ಚೆನ್ನಾಗಿ ತಿಳಿಯಿತು. ಕಳ್ಳದಾರಿಯಲ್ಲಿ ಹೊಳೆ ದಾಟಿ ಬರುವ ಜನರನ್ನು ನಮ್ಮ ಕಡೆ ಕೋಳಿ ಎನ್ನುತ್ತೇವಲ್ಲ, ತರಬೇತಿಯಲ್ಲಿ ಆ ಪದಕ್ಕೆ ಅವನಿಗೆ ಕಲಿಸಿದ್ದು ಆ ಒಂದೇ ಅರ್ಥ. ತಿನ್ನುವ ಕೋಳಿಯನ್ನು ಪಾಪ ಯಾರೂ ಕಲಿಸಿರಲಿಲ್ಲ.

ನಾಲ್ಕು ದಿನ ನಿದ್ದೆ ಮಾಡಲಿಲ್ಲವಂತೆ. ಶೆರಿಫನ ಹೆತ್ತ ತಾಯಿಯೇ ನಲವತ್ತು ಜನರನ್ನು ಅಡಗಿಸಿಡುತ್ತಾಳೆ, ಅದರಲ್ಲಿ ಮೂವತ್ತು ಜನರ ಕುತ್ತಿಗೆ ಕೊಯ್ಯಿಸುತ್ತಾಳೆ! ಆದರೆ ಮಗನಿಗೆ ಗೊತ್ತಾಗಬಾರದು ಎಂದಳಲ್ಲ, ಹಾಗಾದರೆ ಯಜಮಾನ ನಿರಪರಾಧಿ; ಅವನ ಮನಸ್ಸು ಮುರಿಯಬಾರದೆಂದು ಅವನಿಗೆ ಹೇಳದೆ ಪಕ್ಕದ ಕೌಂಟಿಯವರನ್ನು ಕರೆಸಿಕೊಂಡ. ನೋಡು, ಎಂಥ ಒಳ್ಳೆಯ ಹುಡುಗ. ನನಗೆ ಅವನಂಥ ಅಳಿಯ ಸಿಕ್ಕಿದ್ದರೆ!

ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಬಾಲ್ಡೋ ದಾರಿಯಲ್ಲಿ ಹೋಗುತ್ತಾ ನೋಡದಿರಲೆಂದು ಕಿಟಕಿಗಳಿಗೆಲ್ಲ ಕಾಗದ ಅಂಟಿಸಿದ್ದೆ. ಒಳಗೆ ಇಪ್ಪತ್ತೊಂದು ಹೆಂಗಸರು, ಮೊಣಕೈವರೆಗೆ ಹಿಟ್ಟು. ಮೇಲೆ ಡ್ರೋನು ಗುಂಯ್ ಎಂದಿತು. ಆಮೇಲೆ ನೆಲ ನಡುಗಿತು. ಫಿರಂಗಿ ಗಾಡಿ ನನ್ನ ಗುಲಾಬಿ ಪಾತಿಯ ಮೇಲೆ ಬಂದು ನಿಂತಿತು. ಅದರ ಹಿಂದೆ, ನಿನ್ನಾಣೆ, ದೋಣಿ. ಬಿಚ್ಚಲು ಮರೆತಿದ್ದರಂತೆ.

ಬಾಗಿಲು ತೆರೆಯಿತು. ಟ್ರೆಂಟ್ ನಿಂತಿದ್ದ, ಹಾಲಿನಷ್ಟು ಬಿಳುಚಿಕೊಂಡು.

"ದಯವಿಟ್ಟು ಎಲ್ಲರೂ ತಮ್ಮ ಕೈಗಳನ್ನು ಮೇಲಕ್ಕೆ ಎತ್ತಿರಿ!"

ನನ್ನ ಚಿಕ್ಕಪ್ಪನ ಮಗಳು ಚೊನೀತಾ ತಲೆ ಎತ್ತದೆ ಹೇಳಿದಳು: "ಆಗಲ್ಲಪ್ಪಾ, ಹಿಟ್ಟು ಬೀಳ್ತದೆ. ಅದಕ್ಕೆ ಹಾಕಿದ ಹಂದಿಕೊಬ್ಬಿನ ರೇಟು ಗೊತ್ತೇನು ನಿಂಗೆ?"

"ಅಮ್ಮನವರೇ, ಕೋಳಿಗಳು ಎಲ್ಲಿವೆ?"

"ಹತ್ತು ಬಚ್ಚಲುಮನೇಲಿ," ಎಂದೆ ನಾನು. "ಮೂವತ್ತು ಹಂಡೇಲಿ ಬೇಯ್ತಾ ಇದೆ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. "ದೇವರೇ," ಎಂದ, ಅದು ಮಾತ್ರ ಅವನದೇ ಭಾಷೆಯಲ್ಲಿ.

"ಇದೇನು, ಕೋಳಿ ನೋಡಿಲ್ವಾ ನೀನು? ತೆಗಿ ಬಚ್ಚಲ ಬಾಗ್ಲು, ನೋಡು."

ಪಕ್ಕದ ಕೌಂಟಿಯ ಇಬ್ಬರು ಗೋಡೆಗೆ ಬೆನ್ನು ಹಚ್ಚಿ ನಿಂತರು, ಮೂರನೆಯವನು ಚಿಲಕ ಎಳೆದ. ಹಿಂದಿನ ಸಂಜೆಯಿಂದ ಕತ್ತಲಲ್ಲಿದ್ದ ಹತ್ತೂ ಕೋಳಿ ಒಟ್ಟಿಗೆ ಹೊರಗೆ ಹಾರಿದವು. ಒಂದು ನೇರ ಟ್ರೆಂಟನ ಎದೆಗೆ. ಇನ್ನೊಂದು ಹಿಟ್ಟಿನ ಬೋಗುಣಿಗೆ. ಚೊನೀತಾ ಈಗ ಎರಡೂ ಕೈ ಎತ್ತಿದಳು, ಒಂದರಲ್ಲಿ ಸೌಟಿತ್ತು. ಆಮೇಲೆ ಯಾರು ಯಾರನ್ನು ಹಿಡಿದರು ನಾನು ಹೇಳಲಾರೆ. ನಕ್ಕು ನಕ್ಕು ನನ್ನ ಸೊಂಟದ ಕಬ್ಬಿಣ ಸಡಿಲವಾಗುವುದೊಂದು ಬಾಕಿ.

ಅಷ್ಟರಲ್ಲಿ ಬಾಲ್ಡೋ ಓಡಿಬಂದ. ಕೋಳಿ ನೋಡಿದ, ದೋಣಿ ನೋಡಿದ, ಪುಕ್ಕ ಮೆತ್ತಿದ ಟ್ರೆಂಟನನ್ನು ನೋಡಿದ. ಅವನ ಮೊದಲ ಮಾತು ಏನು ಗೊತ್ತೆ?

"ಅಮ್ಮಾ, ಡಾಕ್ಟ್ರು ಏನಂದಿದ್ರು?"

"ಡಾಕ್ಟ್ರು ಹಿಟ್ಟು ನಾದಬೇಡ ಅಂದ್ರು. ಮನೆ ಮೇಲೆ ದಂಡು ಬರ್ತದೆ ಅನ್ಲಿಲ್ಲ. ಮೊದ್ಲು ನನ್ನ ಗುಲಾಬಿ ಮೇಲಿಂದ ಆ ಆನೇನ ಇಳ್ಸು."

ಎಲ್ಲರನ್ನೂ ಕೂರಿಸಿ ಉಣ್ಣಿಸಿದೆ, ಬೇರೇನು ಮಾಡಲಿ? ಪಕ್ಕದ ಕೌಂಟಿಯವರು ಮೂರು ಡಜನ್ ಕಟ್ಟಿಸಿಕೊಂಡು ಹೋದರು. ಕಷ್ಟ ಆಮೇಲೆ ಶುರುವಾಯಿತು. ಟ್ರೆಂಟ್ ಶಿಸ್ತಿನವನಲ್ಲವೇ, ದಾಳಿಗೆ ಹೊರಡುವ ಮೊದಲೇ ಆ ವರದಿ ತುಂಬುವ ಯಂತ್ರದಲ್ಲಿ ಕೇಸು ತೆರೆದುಬಿಟ್ಟಿದ್ದ: ಅಡಗುತಾಣ ಒಂದು, ಅಡಗಿದವರು ನಲವತ್ತು. ಒಮ್ಮೆ ಒಳಗೆ ಹೋದದ್ದನ್ನು ಅಳಿಸಲು ಬರುವುದಿಲ್ಲವಂತೆ. ಸಿಕ್ಕವರು ಏನಾದರು ಎಂಬ ಪ್ರಶ್ನೆಗೆ ಯಂತ್ರ ನಾಲ್ಕೇ ಉತ್ತರ ಕೊಡುತ್ತದೆ, ನಾಲ್ಕರಲ್ಲೂ ಬೆಂದರು ಎಂಬುದಿಲ್ಲ.

ಬಾಲ್ಡೋ ನನ್ನ ಅಡಿಗೆ ಮೇಜಿನ ಮುಂದೆ ತಲೆ ಹಿಡಿದು ಕೂತ. ನನ್ನ ನಾಲಿಗೆ ನಿಲ್ಲಬೇಕಲ್ಲ.

"ಯಾಕೋ, ನೀವೇಸ್‌ನ ಏಪ್ರಿಲಲ್ಲಿ ಇದರಲ್ಲೇ ಬರ್ಕೊಂಡಾಗ ಅಳ್ಸೋಕೆ ಬರಲ್ಲ ಅಂದೆ. ಕೋಳೀನ ಅಳ್ಸೋಕೆ ಬರ್ತದಾ?"

ಚೊನೀತಾ ಎಲೆ ಸುತ್ತುವುದನ್ನು ನಿಲ್ಲಿಸಿದಳು. ನನ್ನ ಮಗ ತಲೆ ಎತ್ತಿ ಹೇಳಿದ: "ಇಲ್ಲಮ್ಮಾ. ಎರಡೂ ಆಗಲ್ಲ. ಕೆಳಗೆ ಷರಾ ಬರೀಬೋದು, ಅಷ್ಟೇ."

"ಬರಿ ಮತ್ತೆ."

ಅಲ್ಲೇ ಬರೆದ. ಕೋಳಿಗಳ ಕೆಳಗೆ: "ನಲವತ್ತೂ ಕೋಳಿಗಳೇ. ತಿಂದೆವು." ನೀವೇಸ್ ಹೆಸರಿನ ಕೆಳಗೆ ಬರೆಯಲು ಹೆಚ್ಚು ಹೊತ್ತು ಹಿಡಿಯಿತು: "ಇವನು ಈ ಊರಿನಲ್ಲಿ ಯಾರಿಗೂ ಏನೂ ಕೆಡುಕು ಮಾಡಿಲ್ಲ. ಇದನ್ನು ಅಪರಾಧಗಳ ಲೆಕ್ಕಕ್ಕೆ ಸೇರಿಸಬಾರದು." ಎರಡಕ್ಕೂ ಸಹಿ ಹಾಕಿ ಕಳಿಸಿದ. ಇದರಿಂದ ನಿನ್ನ ಗಂಡ ಹೊಳೆ ದಾಟಿ ಬರಲಾರ, ಗೊತ್ತು. ಎರಡು ಸಲ ಕದ್ದು ದಾಟಿದವನಿಗೆ ಹೆಂಡತಿ ಈ ದೇಶದವಳಾದರೂ ಬಾಗಿಲಿಲ್ಲವೆಂದು ಆ ವಕೀಲ ಫೀಸು ತಿಂದು ಹೇಳಿದನಲ್ಲ. ಆದರೂ ಒಂದು ಕಾಗದದ ಮೇಲೆ ನಿಜ ಇದೆ.

"ಮುಂದಿನ ವರ್ಷ ಅನುದಾನ ಬರದಿದ್ರೆ?" ಎಂದು ಕೇಳಿದೆ.

"ದೋಣಿ ಮಾರೋಣ."

"ಈ ಊರಲ್ಲಿ ಯಾರೋ ಕೊಳ್ತಾರೆ?"

"ಬೆನಾವಿದೆಸನ ಹಸುಗಳು," ಎಂದ. ಏಪ್ರಿಲ್ ಆದ ಮೇಲೆ ಮೊದಲ ಸಲ ಅವನು ನಕ್ಕದ್ದನ್ನು ನೋಡಿದೆ.

ಈ ಪತ್ರದ ಜೊತೆ ಎರಡು ಡಜನ್ ತಮಾಲೆ ಕಳಿಸಿದ್ದೇನೆ. ಚೊನೀತಾಳ ಮಗ ಗುರುವಾರ ಆಚೆ ಬರುತ್ತಾನೆ, ಅವನ ಕೈಯಲ್ಲಿ. ದಾರಕ್ಕೆ ಕೆಂಪು ಗಂಟು ಇರುವವು ಖಾರದವು, ನೀವೇಸ್‌ಗೆ. ಗಂಟಿಲ್ಲದವು ನಿನಗೆ. ನಿನ್ನ ಅಂಜೂರದ ಗಿಡಕ್ಕೆ ನೀರು ಹಾಕುತ್ತಿದ್ದೇನೆ. ಹಕ್ಕಿಗಳು ತಿಂದು ಮಿಗಿಸಿದ್ದನ್ನು ಸಕ್ಕರೆಯಲ್ಲಿ ಕುದಿಸಿ ಇಟ್ಟಿದ್ದೇನೆ.

ಮಾತೆ ಮರಿಯಮ್ಮ ನಿಮ್ಮಿಬ್ಬರ ತಲೆ ಕಾಯಲಿ. ನಿನ್ನ ಹಾಸಿಗೆ ಬೆಚ್ಚಗಿರಲಿ, ಒಲೆ ಆರದಿರಲಿ, ನೀವೇಸ್‌ನ ಗೊರಕೆ ಸ್ವಲ್ಪ ಕಡಿಮೆಯಾಗಲಿ. ಹೊಸ ವರ್ಷ ನಿಮಗೆ ಒಳ್ಳೆಯದನ್ನೇ ತರಲಿ.

ನಿನ್ನ
ಎಪಿಫಾನಿಯಾ

ಮರೆತ ಮಾತು: ಮರೆತದ್ದಲ್ಲ ಟೆಂಚಾ. ಐದು ಪುಟ ಅದರ ಸುತ್ತ ಸುತ್ತಿದೆ.

ಯಾರು ಹೇಳಿಕೊಟ್ಟರು ಎಂದು ಕೇಳಿದೆಯಲ್ಲ. ನಾನು.

ಶನಿವಾರ ಟ್ರೆಂಟನ ತಟ್ಟೆಗೆ ಹನ್ನೆರಡನೆಯ ತಮಾಲೆ ಹಾಕುತ್ತಾ, ನನ್ನ ಮಾತು ನಿನಗೆ ಅರ್ಥವಾಗುವುದಿಲ್ಲವಲ್ಲೋ ಎಂದು ರೇಗಿಸಿದೆ. ಅವನು ನನ್ನನ್ನು ಮೆಚ್ಚಿಸಲೆಂದು ಹೇಳಿದ: "ಹಾಗಲ್ಲ ಅಮ್ಮನವರೇ, ಬಹಳಷ್ಟು ಅರ್ಥವಾಗುತ್ತದೆ. ಏಪ್ರಿಲ್ ತಿಂಗಳಿನಲ್ಲಿ ಆ ಮುದುಕನ ವಿಷಯವೂ ತಮ್ಮಿಂದಲೇ ತಿಳಿಯಿತು." ಬಾಲ್ಡೋನ ಕೈ ತಟ್ಟೆಯ ಮೇಲೆಯೇ ನಿಂತುಹೋಯಿತು. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಸಾರು ಆರುತ್ತದೆ ಎಂದದ್ದು, ಬಡಿದುಕೊಳ್ಳದ ಫೋನು ಎತ್ತಿದ್ದು, ಎಲ್ಲಾ ನನಗೆ ಗೊತ್ತಾಗದಿರಲೆಂದು. ನಾನು ಅವನನ್ನು ಹೇಡಿ ಎಂದುಕೊಂಡೆ.

ಆ ದಿನ ನೀವೇಸ್ ಅಂಗಡಿಗೆ ಉಪ್ಪು ಕೊಳ್ಳಲು ಬಂದಿದ್ದ. ನಾನು ಯಾವಾಗಲೂ ಕೂಗುವ ಹಾಗೇ ಬಾಗಿಲಿನಿಂದಲೇ ಕೂಗಿದೆ: "ಏಯ್ ಒದ್ದೆ ಚಡ್ಡಿ! ಹೊಳೆ ದಾಟಿ ಮೂವತ್ತಾರು ವರ್ಷ ಆಯ್ತು, ಇನ್ನೂ ಒಣಗ್ಲಿಲ್ವೇನೋ?" ಅವನು ಯಾವಾಗಲೂ ಹೇಳುವ ಹಾಗೇ ಹೇಳಿದ: "ಒಣಗ್ಸೋಕೆ ನಿಮ್ಮ ಹಗ್ಗ ಕೊಡಿ ಡೋನ್ಯಾ ಪಿಫಾ." ಅಂಗಡಿಯೆಲ್ಲ ನಕ್ಕಿತು. ನಿನ್ನ ಮದುವೆಯ ದಿನವೂ ಅದೇ ಮಾತಿಗೆ ನಕ್ಕಿದ್ದೆವು. ಟ್ರೆಂಟ್ ಮಾತ್ರ ನಗದೆ ಹೊರಗೆ ಹೋಗಿ, ನೀವೇಸ್‌ನನ್ನು ಹಿಡಿಯಲು ತಿರುವಿನಲ್ಲಿ ಕಾದು ನಿಂತನಂತೆ.

ಇದನ್ನು ನೀವೇಸ್‌ಗೂ ಓದಿ ಹೇಳು. ಅವನು ನಗುತ್ತಾನೆ, ಅವನ ಗುಣವೇ ಅದು, ನಕ್ಕು ಕ್ಷಮಿಸಿಬಿಡುತ್ತಾನೆ. ನೀನು ನಗಬೇಡ ಟೆಂಚಾ. ಯಾರಾದರೂ ಒಬ್ಬರು ನನ್ನನ್ನು ಬೈಯಬೇಕು.